ತಾರೀಖು ಕೊಡುವವರ ಕೈಯಲ್ಲಿ ಏನಿದೆ? ಮಕ್ಕಳ ರಕ್ಷಣೆ, ಕೌಟುಂಬಿಕ ಹಿಂಸೆ ಮತ್ತು ತಾಲ್ಲೂಕು ನ್ಯಾಯಾಧೀಶರು

ಪ್ರಶ್ನೆ: ನಾನು ಗೋಕಾಕ ತಾಲ್ಲೂಕಿನವಳು, ಬೆಳಗಾವಿಯಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆದು, ಮಕ್ಕಳ ರಕ್ಷಣೆ ಮತ್ತು ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಏನಾದರೂ ಸುಧಾರಣೆ ಮಾಡಬೇಕೆಂಬ ಆಸೆಯಿದೆ. ಆದರೆ ಪರಿಚಯದ ಹಿರಿಯ ವಕೀಲರೊಬ್ಬರು, ಸುಧಾರಣೆಯೆಲ್ಲ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಕೆಲಸ, ತಾಲ್ಲೂಕಿನ ನ್ಯಾಯಾಧೀಶರ ಕೈಯಲ್ಲಿ ತಾರೀಖು ಕೊಡುವುದನ್ನು ಬಿಟ್ಟರೆ ಬೇರೇನೂ ಇಲ್ಲ ಎನ್ನುತ್ತಾರೆ. ಅವರ ಮಾತು ಸರಿಯೇ? ಇದೊಂದು ವೃತ್ತಿಜೀವನವನ್ನೇ ಸವೆಸಬಹುದಾದ ಕ್ಷೇತ್ರವೇ?

ಉತ್ತರ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ನ್ಯಾಯಾಧೀಶನಾಗಿ ಕೆಲಸ ಮಾಡಿ ನಿವೃತ್ತನಾದವನಾಗಿ ಈ ಪ್ರಶ್ನೆಗೆ ಉತ್ತರಿಸುತ್ತಿದ್ದೇನೆ. ಆ ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ತಾಲ್ಲೂಕಿನ ನ್ಯಾಯಾಧೀಶರ ಕೈಯಲ್ಲಿ ಮುಖ್ಯವಾಗಿ ಇರುವುದು ತಾರೀಖೇ. ಆದರೆ ಹೊಡೆತ ತಿಂದು, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ತವರಿಗೆ ಬಂದ ಹೆಣ್ಣುಮಗಳ ಪ್ರಕರಣದಲ್ಲಿ ಆ ತಾರೀಖು ಮೂರು ದಿನದ್ದೋ ಮೂರು ತಿಂಗಳದ್ದೋ ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಈ ಕಾಯ್ದೆಯ 12ನೇ ಕಲಮಿನ ಅರ್ಜಿಯನ್ನು ಮೊದಲ ಹಂತದಲ್ಲಿ ಕೇಳುವ ಅಧಿಕಾರ ಹೈಕೋರ್ಟಿಗಾಗಲಿ, ಜಿಲ್ಲಾ ನ್ಯಾಯಾಲಯಕ್ಕಾಗಲಿ ಇಲ್ಲ. ಅದನ್ನು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗೆ, ಎಂದರೆ ನೀವು ಪರೀಕ್ಷೆ ಪಾಸಾಗಿ ಮೊದಲ ಹುದ್ದೆಗೆ ಹೋದಾಗ ನಿಮಗೆ ಸಿಗುವ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ಕೊಡಲಾಗಿದೆ. ಅರ್ಜಿ ಬಂದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆಯ ದಿನ ನಿಗದಿಯಾಗಬೇಕು, ನೋಟಿಸನ್ನು ಸಂರಕ್ಷಣಾಧಿಕಾರಿ ಗರಿಷ್ಠ ಎರಡು ದಿನಗಳಲ್ಲಿ, ಅಥವಾ ದಂಡಾಧಿಕಾರಿ ಅನುಮತಿಸಿದ ಇನ್ನಷ್ಟು ಸಮಂಜಸ ಅವಧಿಯಲ್ಲಿ ತಲುಪಿಸಬೇಕು, ಮೊದಲ ವಿಚಾರಣೆಯಿಂದ ಅರವತ್ತು ದಿನಗಳಲ್ಲಿ ಅರ್ಜಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕು ಎಂದು ಕಾಯ್ದೆಯ 12 ಮತ್ತು 13ನೇ ಕಲಮುಗಳು ಹೇಳುತ್ತವೆ. 23ನೇ ಕಲಮಿನಡಿ, ಅರ್ಜಿದಾರಳ ಪ್ರಮಾಣಪತ್ರವೊಂದರ (ಅಫಿಡವಿಟ್) ಆಧಾರದ ಮೇಲೆ, ಎದುರುದಾರ ಹಾಜರಾಗುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. 28ನೇ ಕಲಮಂತೂ 12ನೇ ಕಲಮಿನ ಅರ್ಜಿಗಳಿಗೆ ನ್ಯಾಯಾಲಯ ತನ್ನದೇ ವಿಧಾನವನ್ನು ರೂಪಿಸಿಕೊಳ್ಳಬಹುದು ಎನ್ನುತ್ತದೆ. ನಮ್ಮ ಕಾನೂನುಗಳಲ್ಲಿ ಕೆಳಹಂತದ ನ್ಯಾಯಾಧೀಶರಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟಿರುವುದು ಅಪರೂಪ. ಸುಧಾರಣೆಯ ಅರ್ಧ ಭಾಗ ಹೀಗೆ ಈಗಾಗಲೇ ಬರೆದಿಟ್ಟದ್ದು. ಅದನ್ನು ನಡೆಸುವವರು ಬೇಕಾಗಿದ್ದಾರೆ.

ನಡೆಸುವುದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕೇಳಿದರೆ, ನಮ್ಮ ಭಾಗದಲ್ಲಿ ಮೊದಲು ಹೇಳಬೇಕಾದದ್ದು ನೋಟಿಸಿನ ವಿಷಯ. ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹೆಣ್ಣುಮಕ್ಕಳನ್ನು ಮೀರಜ, ಸಾಂಗಲಿ, ಇಚಲಕರಂಜಿ, ಕೊಲ್ಹಾಪುರಕ್ಕೆ ಕೊಡುವುದು, ಅಲ್ಲಿಂದ ತರುವುದು ತಲೆತಲಾಂತರದ ರೂಢಿ. ವಿಜಯಪುರ, ಇಂಡಿ ಕಡೆಯ ಸಂಬಂಧಗಳು ಸೊಲ್ಲಾಪುರಕ್ಕೆ ಹರಡಿವೆ. ಹೆಣ್ಣುಮಗಳು ತವರಿಗೆ ಬಂದು ಅಥಣಿಯಲ್ಲಿ ಅರ್ಜಿ ಹಾಕಿದರೆ ಅದು ಊರ್ಜಿತವೇ, ಏಕೆಂದರೆ ಆಕೆ ತಾತ್ಕಾಲಿಕವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೂ 27ನೇ ಕಲಮು ಅಧಿಕಾರ ಕೊಟ್ಟಿದೆ. ಆದರೆ ಗಂಡನಿರುವುದು ಇನ್ನೊಂದು ರಾಜ್ಯದಲ್ಲಿ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಜವಾಬ್ದಾರಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ನಾವು ದಿನವೂ ಸಿಡಿಪಿಒ ಎನ್ನುವವರಿಗೆ ವಹಿಸಲಾಗಿದೆ. ಇಡೀ ತಾಲ್ಲೂಕಿನ ಅಂಗನವಾಡಿಗಳ ಹೊಣೆ ಹೊತ್ತ ಆ ಅಧಿಕಾರಿ ನೋಟಿಸು ಹಿಡಿದು ಇಚಲಕರಂಜಿಗೆ ಹೋಗಲಾರರು. ನೋಟಿಸು ಅಂಚೆಯಲ್ಲಿ ಹೋಗುತ್ತದೆ, ‘ವಿಳಾಸದಲ್ಲಿಲ್ಲ’ ಎಂದು ಹಿಂದಿರುಗುತ್ತದೆ, ಮತ್ತೆ ತಾರೀಖು ಬೀಳುತ್ತದೆ. ಮೂರು ತಾರೀಖು ಹೀಗೆ ಹೋದ ಮೇಲೆ, ಆಳು ಕೆಲಸದ ಕೂಲಿ ಬಿಟ್ಟು ಬಸ್ಸಿನ ಖರ್ಚು ಹೊಂದಿಸಿಕೊಂಡು ಬರುವ ಹೆಣ್ಣುಮಗಳು ನಾಲ್ಕನೆಯದಕ್ಕೆ ಬರುವುದಿಲ್ಲ. ‘ಅರ್ಜಿದಾರಳು ಗೈರು’ ಎಂದು ಬರೆದು ಅರ್ಜಿಯನ್ನು ವಜಾ ಮಾಡಲಾಗುತ್ತದೆ. ದಾಖಲೆಯಲ್ಲಿ ಇದು ಇತ್ಯರ್ಥವಾದ ಪ್ರಕರಣ.

ಇಲ್ಲಿ ನ್ಯಾಯಾಧೀಶರು ಮಾಡಬಹುದಾದದ್ದು ಬಹಳವಿದೆ, ಮತ್ತು ಅದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ಅರ್ಜಿ ದಾಖಲಾಗುವ ಹೊತ್ತಿಗೇ ಎದುರುದಾರನ ಮನೆಯ ವಿಳಾಸದ ಜೊತೆಗೆ ಕೆಲಸದ ಸ್ಥಳ, ಮೊಬೈಲ್ ಸಂಖ್ಯೆ, ಅವನ ಊರಿನ ಪೊಲೀಸ್ ಠಾಣೆಯ ಹೆಸರನ್ನು ಕಡ್ಡಾಯವಾಗಿ ಬರೆಸುವಂತೆ ಶಿರಸ್ತೇದಾರರಿಗೆ ಹೇಳಬಹುದು. ಒಂದೇ ದಾರಿಯನ್ನು ನೆಚ್ಚದೆ ಅಂಚೆ, ಪೊಲೀಸ್, ಸಂರಕ್ಷಣಾಧಿಕಾರಿ ಮೂವರ ಮೂಲಕವೂ ಏಕಕಾಲಕ್ಕೆ ನೋಟಿಸು ಕಳಿಸಬಹುದು. ಮುಖ್ಯವಾಗಿ, ನೋಟಿಸು ಮುಟ್ಟುವ ತನಕ ಕಾಯದೆ, ಮೊದಲ ದಿನವೇ ಅರ್ಜಿಯನ್ನು ಓದಿ, ಪ್ರಮಾಣಪತ್ರದಲ್ಲಿ ಮೇಲ್ನೋಟಕ್ಕೆ ಹಿಂಸೆ ಕಾಣುತ್ತಿದ್ದರೆ, ಸಂರಕ್ಷಣಾ ಆದೇಶವನ್ನಾದರೂ ಕೊಡಬಹುದು. 18ನೇ ಕಲಮಿನಲ್ಲಿ ಹೆಚ್ಚಿನ ವಕೀಲರು ಕೇಳದೆಯೇ ಬಿಡುವ ಒಂದು ಪರಿಹಾರವಿದೆ: ಎದುರುದಾರ ಮಗುವಿನ ಶಾಲೆಗೆ ಹೋಗಬಾರದು ಎಂದು ನಿರ್ಬಂಧಿಸಬಹುದು. ತವರಿನ ಊರಿನ ಶಾಲೆಗೆ ಹೊಸದಾಗಿ ಸೇರಿದ ಮಗುವನ್ನು ಅಪ್ಪ ಗೇಟಿನಿಂದಲೇ ಕರೆದುಕೊಂಡು ಗಡಿಯಾಚೆ ಹೋದರೆ, ಆ ಮಗುವನ್ನು ಮರಳಿ ತರಲು ತಾಯಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಒಂದು ಸಾಲಿನ ಆದೇಶ ಅದನ್ನು ತಡೆಯಬಲ್ಲದು. ಸಂರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಆದೇಶದ ಪ್ರತಿ ಠಾಣೆಗೆ ತಲುಪಿದ್ದರೆ ಮಾತ್ರ ಪೊಲೀಸರು ಅದನ್ನು ಜಾರಿ ಮಾಡಿಯಾರು. ಪ್ರತಿಯನ್ನು ಉಚಿತವಾಗಿ ಕೊಡಬೇಕು, ಠಾಣೆಗೂ ಕಳಿಸಬೇಕು ಎಂದು 24ನೇ ಕಲಮು ಹೇಳುತ್ತದೆ. ಅದು ಹೋಯಿತೇ ಎಂದು ಮರುದಿನ ಬೆಂಚ್ ಕ್ಲರ್ಕನ್ನು ಕೇಳುವ ನ್ಯಾಯಾಧೀಶರು ತಮ್ಮ ಆದೇಶವನ್ನು ಕಾಗದದಿಂದ ಮನೆಯ ಹೊಸ್ತಿಲಿಗೆ ಮುಟ್ಟಿಸುತ್ತಾರೆ.

ಮೇಲಿನ ನ್ಯಾಯಾಲಯಗಳ ಪಾತ್ರವನ್ನು ನಾನು ಕಡಿಮೆ ಮಾಡುತ್ತಿಲ್ಲ. ಗಂಡನ ಹೆಸರಿನಲ್ಲಿಲ್ಲದ, ಅತ್ತೆ ಮಾವನ ಹೆಸರಿನಲ್ಲಿರುವ ಮನೆಯಲ್ಲೂ ಸೊಸೆಗೆ ವಾಸದ ಹಕ್ಕು ಇರಬಹುದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿ, ತನ್ನದೇ 2006ರ ತೀರ್ಪನ್ನು ಬದಿಗೆ ಸರಿಸಿತು. ಕೂಡುಕುಟುಂಬದ ಹೊಲಮನೆಗಳು ಅಜ್ಜನ ಹೆಸರಿನಲ್ಲೇ ಉಳಿದಿರುವ ನಮ್ಮ ಹಳ್ಳಿಗಳಲ್ಲಿ ಈ ತೀರ್ಪು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷದ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು, ಇಬ್ಬರೂ ತಮ್ಮ ಆದಾಯ ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿಯ ದಿನದಿಂದಲೇ ಲೆಕ್ಕಕ್ಕೆ ಬರಬೇಕು ಎಂದಿತು. ತಡ ಮಾಡಿದಷ್ಟೂ ಲಾಭ ಎಂದು ನಂಬಿದ್ದ ಎದುರುದಾರರ ಲೆಕ್ಕಾಚಾರವನ್ನು ಅದು ಬುಡಮೇಲು ಮಾಡಿತು. ಆದರೆ ಈ ತೀರ್ಪುಗಳನ್ನು ಅಥಣಿಯ ಅಥವಾ ಮುದ್ದೇಬಿಹಾಳದ ಹೆಣ್ಣುಮಗಳಿಗೆ ಅನ್ವಯಿಸುವವರು ತಾಲ್ಲೂಕಿನ ನ್ಯಾಯಾಧೀಶರೇ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಒಂದೇ ಮನೆಯ ಜಗಳ ಹಲವು ನ್ಯಾಯಾಲಯಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಹಿಂಸೆಯ ಅರ್ಜಿ ಜೆಎಂಎಫ್‌ಸಿಯಲ್ಲಿ, ವಿಚ್ಛೇದನ ಮತ್ತು ಮಗುವಿನ ಪಾಲನೆಯ ದಾವೆ ಕುಟುಂಬ ನ್ಯಾಯಾಲಯದಲ್ಲಿ, ಕ್ರೌರ್ಯದ ಕ್ರಿಮಿನಲ್ ಪ್ರಕರಣ ಮತ್ತೊಂದು ಕಡೆ, ಮನೆಬಿಟ್ಟು ಹೋಗಿ ರೈಲು ನಿಲ್ದಾಣದಲ್ಲಿ ಸಿಕ್ಕ ಮಗ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದು. ತಂದೆ ಮನೆಯ ಹತ್ತಿರ ಸುಳಿಯಬಾರದೆಂದು ಒಂದು ನ್ಯಾಯಾಲಯ ಆದೇಶಿಸಿದ್ದರೆ, ಪ್ರತಿ ಭಾನುವಾರ ಮಗುವನ್ನು ಅದೇ ಮನೆಯಲ್ಲಿ ತಂದೆಗೆ ತೋರಿಸಬೇಕೆಂದು ಇನ್ನೊಂದು ಆದೇಶಿಸಿರುತ್ತದೆ.

ಇದು ನಮ್ಮ ದೇಶದ್ದಷ್ಟೇ ಸಮಸ್ಯೆಯಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1993ರಿಂದ 2008ರವರೆಗೆ ಮುಖ್ಯ ನ್ಯಾಯಾಧೀಶರಾಗಿದ್ದ ಜುಡಿತ್ ಕೇ, ಆ ಹುದ್ದೆಗೇರಿದ ಮೊದಲ ಮಹಿಳೆ, ಇದನ್ನೇ ಎದುರಿಸಿದರು. 1996ರಲ್ಲಿ ಬ್ರೂಕ್ಲಿನ್‌ನಲ್ಲಿ ಕೌಟುಂಬಿಕ ಹಿಂಸೆಗೆಂದೇ ನ್ಯಾಯಾಲಯವೊಂದು ಆರಂಭವಾಯಿತು. 2001ರಿಂದ, ಒಂದು ಕುಟುಂಬದ ಕ್ರಿಮಿನಲ್ ಪ್ರಕರಣ, ವಿಚ್ಛೇದನ, ಮಕ್ಕಳ ಪಾಲನೆ ಎಲ್ಲವನ್ನೂ ಒಬ್ಬರೇ ನ್ಯಾಯಾಧೀಶರು ಕೇಳುವ ಸಂಯೋಜಿತ ನ್ಯಾಯಾಲಯಗಳು ಅಲ್ಲಿ ಬಂದವು. ಅವರು ಮುಖ್ಯ ನ್ಯಾಯಾಧೀಶರಾಗಿದ್ದರು, ಆಡಳಿತದ ಅಧಿಕಾರ ಅವರಲ್ಲಿತ್ತು; ನಮ್ಮ ತಾಲ್ಲೂಕಿನ ನ್ಯಾಯಾಧೀಶರಿಗೆ ಹೊಸ ನ್ಯಾಯಾಲಯ ತೆರೆಯುವ ಅಧಿಕಾರವಿಲ್ಲ. ಆದರೂ ನಮ್ಮ 2005ರ ಕಾಯ್ದೆಯ 26ನೇ ಕಲಮನ್ನು ಓದಿ ನೋಡಿ. ಸಂರಕ್ಷಣೆ, ವಾಸ, ಹಣಕಾಸು, ಮಗುವಿನ ತಾತ್ಕಾಲಿಕ ಪಾಲನೆಯ ಪರಿಹಾರಗಳನ್ನು ಕುಟುಂಬ ನ್ಯಾಯಾಲಯದಲ್ಲೂ, ಸಿವಿಲ್ ನ್ಯಾಯಾಲಯದಲ್ಲೂ ಕೇಳಬಹುದು, ಬೇರೆಡೆ ಪಡೆದ ಪರಿಹಾರವಿದ್ದರೆ ಅರ್ಜಿದಾರಳು ಅದನ್ನು ತಿಳಿಸಬೇಕು ಎಂದು ಅದು ಹೇಳುತ್ತದೆ. ಒಂದೇ ಕಡೆ ಕೇಳಿಸಿಕೊಳ್ಳುವ ದಾರಿಯನ್ನು ನಮ್ಮ ಶಾಸಕಾಂಗವೂ ತೆರೆದಿಟ್ಟಿದೆ ಎಂದಾಯಿತು. ವಕೀಲರು ಅದನ್ನು ಸಾಕಷ್ಟು ಬಳಸುತ್ತಿಲ್ಲ ಎಂಬುದು ನನ್ನ ಅನಿಸಿಕೆ. ಬೇರೆ ಎಲ್ಲೆಲ್ಲಿ ಪ್ರಕರಣಗಳಿವೆ, ಯಾವ ಆದೇಶಗಳಾಗಿವೆ ಎಂದು ಮೊದಲ ದಿನವೇ ಇಬ್ಬರಿಂದಲೂ ಬರೆಸಿಕೊಳ್ಳುವ ಒಂದು ಅಭ್ಯಾಸವೇ ಪರಸ್ಪರ ವಿರುದ್ಧವಾದ ಆದೇಶಗಳನ್ನು ಬಹಳ ಮಟ್ಟಿಗೆ ತಪ್ಪಿಸುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ, ನೀವು ಹೆಸರಿಟ್ಟು ತಿಳಿದುಕೊಳ್ಳಬೇಕಾದ ವೃತ್ತಿಜೀವನ ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರದು. ಅವರು ದೆಹಲಿ ಹೈಕೋರ್ಟಿನಲ್ಲಿದ್ದಾಗ, 2012ರಲ್ಲಿ, ಕಡಕಡಡೂಮಾ ನ್ಯಾಯಾಲಯದಲ್ಲಿ ಮಕ್ಕಳು ಮತ್ತು ಇತರ ದುರ್ಬಲ ಸಾಕ್ಷಿಗಳು ಆರೋಪಿಯ ಮುಖ ನೋಡದೆ ಸಾಕ್ಷ್ಯ ಹೇಳಬಹುದಾದ ಪ್ರತ್ಯೇಕ ಸಂಕೀರ್ಣ ಆರಂಭವಾಯಿತು. ಮಗು ಬರುವ ಬಾಗಿಲು ಬೇರೆ, ಕಾಯುವ ಕೋಣೆ ಬೇರೆ, ಮಾತಾಡುವ ಕೋಣೆ ಬೇರೆ. ಮುಂದೆ ಅವರು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟಿನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು. ನಿವೃತ್ತಿಯ ನಂತರ, 2022ರ ಜನವರಿಯಲ್ಲಿ, ಇಂಥ ಕೇಂದ್ರಗಳನ್ನು ದೇಶದಾದ್ಯಂತ ತರುವ ಸಮಿತಿಯ ಅಧ್ಯಕ್ಷತೆಯನ್ನು ಸುಪ್ರೀಂ ಕೋರ್ಟು ಅವರಿಗೇ ವಹಿಸಿತು. ಮತ್ತೊಬ್ಬರು ಸುಪ್ರೀಂ ಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಮದನ್ ಬಿ. ಲೋಕೂರ್. ಬಾಲ ನ್ಯಾಯ ಕಾಯ್ದೆಯ ಅನುಷ್ಠಾನದ ಬಗೆಗಿನ 2018ರ ಸಂಪೂರ್ಣಾ ಬೆಹುರಾ ತೀರ್ಪಿನಲ್ಲಿ ಅವರು ಪ್ರತಿ ಜಿಲ್ಲೆಯಲ್ಲೂ ಮಕ್ಕಳಸ್ನೇಹಿ ನ್ಯಾಯಾಲಯಗಳಿರಬೇಕೆಂದರು.

ನಮ್ಮ ರಾಜ್ಯದವರನ್ನೇ ಹೇಳುವುದಾದರೆ, ರಾಯಚೂರು ಜಿಲ್ಲೆಯಿಂದ ಬಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಶಿವರಾಜ ವಿ. ಪಾಟೀಲರು ನಿವೃತ್ತಿಯ ನಂತರ ಬಾಲ್ಯವಿವಾಹ ತಡೆಯ ಸಮಿತಿಯ ಅಧ್ಯಕ್ಷರಾಗಿ 2011ರಲ್ಲಿ ವರದಿ ಕೊಟ್ಟರು. ಆಮೇಲೆ ಕರ್ನಾಟಕವು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು, ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಆರಂಭದಿಂದಲೇ ಅನೂರ್ಜಿತ ಎಂದಿತು. ಅದನ್ನು 2017ರ ಅಕ್ಟೋಬರಿನ ಇಂಡಿಪೆಂಡೆಂಟ್ ಥಾಟ್ ತೀರ್ಪಿನಲ್ಲಿ ಲೋಕೂರ್ ಅವರು ಮೆಚ್ಚಿ, ಉಳಿದ ರಾಜ್ಯಗಳೂ ಅನುಸರಿಸಲಿ ಎಂದು ಬರೆದರು. ಈ ಕಾಯ್ದೆಯಲ್ಲೂ ಬಲವಾದ ಅಧಿಕಾರವಿರುವುದು ಕೆಳಗಿನ ನ್ಯಾಯಾಲಯದಲ್ಲೇ. ನಡೆಯಲಿರುವ ಬಾಲ್ಯವಿವಾಹಕ್ಕೆ ಜೆಎಂಎಫ್‌ಸಿ ನ್ಯಾಯಾಧೀಶರು ತಡೆಯಾಜ್ಞೆ ಕೊಡಬಹುದು, ನಂಬಲರ್ಹ ಮಾಹಿತಿ ಬಂದರೆ ಯಾರೂ ಅರ್ಜಿ ಹಾಕದೆಯೂ ಸ್ವಯಂಪ್ರೇರಿತರಾಗಿ ಕೊಡಬಹುದು. ಕಾಯ್ದೆಯೇ ಅಕ್ಷಯ ತೃತೀಯದ ಹೆಸರು ಹೇಳಿ, ಆ ದಿನಗಳ ಸಾಮೂಹಿಕ ಬಾಲ್ಯವಿವಾಹ ತಡೆಯುವ ಹೊಣೆಯನ್ನು ಜಿಲ್ಲಾಧಿಕಾರಿಗೆ ಹೊರಿಸಿದೆ. ಬಸವ ಜಯಂತಿಯೂ ಅದೇ ದಿನ ಬರುವುದರಿಂದ ನಮ್ಮ ಮೂರೂ ಜಿಲ್ಲೆಗಳಲ್ಲಿ ಆಗ ಸಾಮೂಹಿಕ ಮದುವೆಗಳು ಬಹಳ. ಹೆಣ್ಣು ಗಂಡಿನ ವಯಸ್ಸಿನ ದಾಖಲೆಗಳನ್ನು ಸಂಘಟಕರಿಂದ ಮುಂಚಿತವಾಗಿ ಪಡೆಯುವ ಬಗ್ಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ತಿಂಗಳ ಮೊದಲೇ ತಿಳಿವಳಿಕೆ ಕೊಟ್ಟರೆ, ಹಂದರದಲ್ಲಿ ಪೊಲೀಸರು ನುಗ್ಗುವ ಪ್ರಸಂಗವೇ ಬರುವುದಿಲ್ಲ.

ಮಗು ಸಾಕ್ಷಿಯಾಗಿ ಬಂದಾಗ ಏನು ಮಾಡಬೇಕೆಂಬುದನ್ನು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ವಿವರವಾಗಿ ಹೇಳಿದೆ: ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳಬೇಕು, ನಡುನಡುವೆ ಬಿಡುವು ಕೊಡಬೇಕು, ಪದೇಪದೇ ಕರೆಸಬಾರದು, ನ್ಯಾಯಾಲಯ ಪ್ರಕರಣವನ್ನು ಸಂಜ್ಞಾನಕ್ಕೆ ತೆಗೆದುಕೊಂಡ ಮೂವತ್ತು ದಿನಗಳಲ್ಲಿ ಮಗುವಿನ ಸಾಕ್ಷ್ಯ ದಾಖಲಾಗಬೇಕು. ಈ ಪ್ರಕರಣಗಳು ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರ ಹಂತದ್ದಾದ್ದರಿಂದ ನಿಮಗೆ ಅವು ಬರುವುದು ವರ್ಷಗಳ ನಂತರ. ಆದರೆ ಒಂದು ಮಾತನ್ನು ಈಗಲೇ ಮನಸ್ಸಿನಲ್ಲಿಡಿ. ಬೆಳಗಾವಿಯಲ್ಲಿ ಮಗು ಮರಾಠಿಯಲ್ಲಿ ಮಾತಾಡಬಹುದು, ಬಾಗಲಕೋಟೆ ವಿಜಯಪುರಗಳ ತಾಂಡಾದ ಮಗು ಲಂಬಾಣಿಯಲ್ಲಿ ಮಾತಾಡಬಹುದು. ಆ ಮಗುವಿನ ಮಾತನ್ನು ನ್ಯಾಯಾಲಯದ ಸಿಬ್ಬಂದಿಯಲ್ಲಿ ಯಾರೋ ಒಬ್ಬರು ಅರ್ಥಮಾಡಿಕೊಂಡಂತೆ ಹೇಳಿ ಬರೆಸಿದರೆ ಸಾಕ್ಷ್ಯ ಅಲ್ಲೇ ಕೆಡುತ್ತದೆ. ಭಾಷಾಂತರಕಾರರನ್ನು ಕರೆಸುವ ಅಧಿಕಾರ 38ನೇ ಕಲಮಿನಲ್ಲಿದೆ, ಅದನ್ನು ಬಳಸಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಯ ಜೊತೆ ಊರುಬಿಟ್ಟ ಮಗುವಾದರೆ ಸಾಕ್ಷ್ಯದ ತಾರೀಖನ್ನು ಗುಳೆಯ ಲೆಕ್ಕ ನೋಡಿ ಕೊಡಬೇಕಾಗುತ್ತದೆ. ಇವು ಯಾವ ತೀರ್ಪಿನಲ್ಲೂ ಸಿಗದ, ಈ ನೆಲದ ತಿಳಿವಳಿಕೆಯಿಂದಲೇ ಬರುವ ವಿಷಯಗಳು.

ನಡುವಿನ ಹಂತವೊಂದಿದೆ, ಅದನ್ನು ಹೆಚ್ಚಿನವರು ಬೇಡವೆನ್ನುತ್ತಾರೆ, ನೀವು ಬೇಡವೆನ್ನಬೇಡಿ. 2015ರ ಬಾಲ ನ್ಯಾಯ ಕಾಯ್ದೆಯಡಿ ಬಾಲ ನ್ಯಾಯ ಮಂಡಳಿಯ ಪ್ರಧಾನ ದಂಡಾಧಿಕಾರಿಯಾಗಲು ಕನಿಷ್ಠ ಮೂರು ವರ್ಷದ ಅನುಭವವಿರಬೇಕು. ಅವರೊಡನೆ ಇಬ್ಬರು ಸಮಾಜಸೇವಾ ಸದಸ್ಯರಿದ್ದು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಕ್ಕಳು ಅಲ್ಲಿಗೆ ಬರುತ್ತಾರೆ. ಅವರ ಸಾಮಾಜಿಕ ತನಿಖಾ ವರದಿಯನ್ನು ಗಮನವಿಟ್ಟು ಓದಿದರೆ, ಕಳ್ಳತನದ ಆರೋಪ ಹೊತ್ತು ನಿಂತ ಹುಡುಗನ ಮನೆಯಲ್ಲಿ ತಾಯಿ ಹೊಡೆತ ತಿನ್ನುತ್ತಿರುವುದು ಎಷ್ಟೋ ಸಲ ಕಾಣುತ್ತದೆ. ಕೌಟುಂಬಿಕ ಹಿಂಸೆ ಮತ್ತು ಮಕ್ಕಳ ಕಲ್ಯಾಣ ಬೇರೆಬೇರೆ ವಿಷಯಗಳಲ್ಲ ಎಂಬುದು ಆ ಕುರ್ಚಿಯಲ್ಲಿ ಕುಳಿತಾಗ ಮನದಟ್ಟಾಗುವಷ್ಟು ಬೇರೆಲ್ಲೂ ಆಗುವುದಿಲ್ಲ. ಅಂಥ ತಾಯಿಯನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದರೆ, ಮಹಿಳೆಯೆಂಬ ಒಂದೇ ಕಾರಣಕ್ಕೆ, ಆದಾಯದ ಮಿತಿಯಿಲ್ಲದೆ, ಆಕೆಗೆ ಉಚಿತ ವಕೀಲರು ಸಿಗುತ್ತಾರೆ.

ಇನ್ನು ಮಿತಿಗಳ ಮಾತು. ಮಕ್ಕಳ ಕಲ್ಯಾಣ ಸಮಿತಿಗೆ ಪ್ರಥಮ ದರ್ಜೆ ದಂಡಾಧಿಕಾರಿಯ ಅಧಿಕಾರಗಳಿದ್ದರೂ ಅದು ನಿಮ್ಮ ಅಧೀನದ ಸಂಸ್ಥೆಯಲ್ಲ, ಅದರ ಕೆಲಸದಲ್ಲಿ ನೀವು ಕೈಹಾಕುವಂತಿಲ್ಲ. ಎದುರುದಾರನ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಬೇಕು. ಮೊದಲ ದಿನ ಏಕಪಕ್ಷೀಯವಾಗಿ ಕೊಟ್ಟ ಆದೇಶವನ್ನು ಅವನು ಹಾಜರಾದ ಮೇಲೆ ತೆರೆದ ಮನಸ್ಸಿನಿಂದ ಮರುಪರಿಶೀಲಿಸುವ ನ್ಯಾಯಾಧೀಶರು ಮಾತ್ರ ಅಂಥ ಆದೇಶ ಕೊಡುವ ನೈತಿಕ ಬಲವನ್ನು ಉಳಿಸಿಕೊಳ್ಳುತ್ತಾರೆ. ಹೋರಾಟಗಾರರಾಗುವ ಮನಸ್ಸು ಗಟ್ಟಿಯಾಗಿದ್ದರೆ ವಕೀಲಿಕೆಯೇ ಒಳ್ಳೆಯದು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಎಲ್ಲಕ್ಕಿಂತ ಕಾಡುವುದು ವರ್ಗಾವಣೆ. ಕೆಲವು ವರ್ಷಗಳಿಗೊಮ್ಮೆ ಊರು ಬದಲಾಗುತ್ತದೆ, ನೀವು ಕಟ್ಟಿದ ಪದ್ಧತಿಯನ್ನು ಮುಂದಿನವರು ಬೇಡವೆಂದರೆ ಅದು ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ಏನು ಮಾಡಿದರೂ ಬರಹದಲ್ಲಿ ಮಾಡಿ. ನೋಟಿಸಿನ ವಿವರ ತುಂಬುವ ನಮೂನೆ, ಮೊದಲ ದಿನ ಕೇಳಬೇಕಾದ ಪ್ರಶ್ನೆಗಳ ಹಾಳೆ, ಠಾಣೆಗೆ ಆದೇಶ ಕಳಿಸಿದ್ದರ ವಹಿ ಇವು ಕಚೇರಿಯಲ್ಲಿ ಉಳಿದರೆ ಶಿರಸ್ತೇದಾರರೇ ಹೊಸ ನ್ಯಾಯಾಧೀಶರ ಮುಂದೆ ಇಡುತ್ತಾರೆ. ವಾರದಲ್ಲಿ ಒಂದು ಮಧ್ಯಾಹ್ನವನ್ನು ಈ ಅರ್ಜಿಗಳಿಗೇ ಮೀಸಲಿಡುವುದಾದರೆ ವಕೀಲರ ಸಂಘದೊಡನೆ ಮಾತಾಡಿ, ಅವರ ಒಪ್ಪಿಗೆಯಿಂದಲೇ ಮಾಡಿ. ಹಾಗೆ ಮಾಡಿದ್ದು ಬಾಳಿಕೆ ಬರುತ್ತದೆ.

ಕೊನೆಯದಾಗಿ ನಿಮ್ಮ ಮುಂದಿನ ಕೆಲವು ವರ್ಷಗಳ ಬಗ್ಗೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ತೀರ್ಪು ಕೊಟ್ಟಿರುವುದು ನಿಮಗೆ ಗೊತ್ತಿರಬಹುದು. ಇದನ್ನು ಅಡ್ಡಿಯೆಂದು ನೋಡದೆ, ಈ ಅವಧಿಯನ್ನು ಬೆಳಗಾವಿ ಜಿಲ್ಲಾ ನ್ಯಾಯಾಲಯದಲ್ಲಷ್ಟೇ ಕಳೆಯದೆ, ಗೋಕಾಕ ಅಥವಾ ಸವದತ್ತಿಯಂಥ ತಾಲ್ಲೂಕಿನಲ್ಲಿ ಕುಟುಂಬದ ಪ್ರಕರಣಗಳನ್ನು ನಡೆಸುವ ಹಿರಿಯರ ಕೈಕೆಳಗೆ ಕಳೆಯಿರಿ. ಸನ್ನದು ಸಿಗುವ ತನಕ, ವಿದ್ಯಾರ್ಥಿನಿಯಾಗಿರುವಾಗಲೇ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕಿಯಾಗಲು ಅರ್ಜಿ ಹಾಕಬಹುದು. ಅಲ್ಲಿದ್ದಾಗ ಅವಕಾಶ ಸಿಕ್ಕರೆ, ಸಿಡಿಪಿಒ ಕಚೇರಿಯಲ್ಲಿ ಕೌಟುಂಬಿಕ ಘಟನಾ ವರದಿಯನ್ನು, ಎಂದರೆ ಹಿಂಸೆಯ ದೂರು ಬಂದಾಗ ಸಂರಕ್ಷಣಾಧಿಕಾರಿ ದಂಡಾಧಿಕಾರಿಗೆ ಕೊಡುವ ವರದಿಯನ್ನು, ಹೇಗೆ ತುಂಬುತ್ತಾರೆಂದು ಕುಳಿತು ನೋಡಿ. ಆ ನಮೂನೆಯಲ್ಲಿ ಮಕ್ಕಳ ವಿವರಕ್ಕೆ ಬಿಟ್ಟ ಜಾಗ ಖಾಲಿ ಉಳಿದಿದ್ದರೆ ಅದನ್ನು ಹೇಗೆ ಕೇಳಿ ತುಂಬಿಸಬೇಕೆಂದು ಕಲಿತುಕೊಳ್ಳಿ. ಮುಂದೆ ಒಂದು ದಿನ ಅದೇ ವರದಿ ನಿಮ್ಮ ಮೇಜಿನ ಮೇಲೆ ಬಂದಾಗ, ಮಧ್ಯಂತರ ಆದೇಶವನ್ನು ಬರೆಯಲು ಬೇಕಾದ ಸಂಗತಿಗಳು ಅದರಲ್ಲಿ ಇವೆಯೇ ಇಲ್ಲವೇ ಎಂಬುದನ್ನು ನೀವು ಮೊದಲ ಓದಿನಲ್ಲೇ ಹೇಳಬಲ್ಲಿರಿ.